ರೇಡಿಯೊ ಮೇಷ್ಟ್ರು: ಒಂದು ಲಕ್ಷಣ ನಿರೂಪಣೆ

ಕೂಡ್ಲಿಗಿ ತಾಲ್ಲೂಕಿನ ಕಾನಾ ಹೊಸಹಳ್ಳಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳನ್ನು ಹಾದು ಹರಪನಹಳ್ಳಿಯವರೆಗೆ ಶೇಂಗಾ, ಜೋಳ, ಹುಣಸೆಮರಗಳ ಒಂದು ಬಯಲು ಹಬ್ಬಿದೆ. ಈ ಬಯಲಿನಲ್ಲಿ ಊರಿಗೆ ಒಬ್ಬರಾದರೂ ಸಿಗುವ ಒಂದು ಬಗೆಯ ಹಿರಿಯರನ್ನು ಜನ ‘ರೇಡಿಯೊ ಮೇಷ್ಟ್ರು’ ಎಂದು ಕರೆಯುತ್ತಾರೆ. ಇವರು ನಿಜವಾಗಿಯೂ ಮೇಷ್ಟ್ರೇ ಆಗಿರಬೇಕೆಂಬ ನಿಯಮವಿಲ್ಲ. ನಿವೃತ್ತ ಅಂಚೆ ಪೇದೆ, ದಲಾಲಿ ಅಂಗಡಿಯ ಹಳೆಯ ಗುಮಾಸ್ತ, ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವರು ಯಾರಾದರೂ ಈ ಪದವಿಗೆ ಏರಬಹುದು. ಎದುರಿಗೆ ಕೂತವರನ್ನು ವಿದ್ಯಾರ್ಥಿಗಳೆಂದು ಭಾವಿಸುವ ಮನೋಧರ್ಮವೊಂದಿದ್ದರೆ ಸಾಕು. ಹಳೆಯ ವಸ್ತುಗಳನ್ನು ಇಟ್ಟುಕೊಂಡವರೆಲ್ಲ ಈ ವರ್ಗಕ್ಕೆ ಸೇರುವುದೂ ಇಲ್ಲ. ಅಟ್ಟದ ಮೇಲೆ ಹಿತ್ತಾಳೆ ಹಂಡೆ ಇರುವವರು ಬರೀ ಹಂಡೆಯ ಮಾಲೀಕರು. ಆ ಹಂಡೆಯನ್ನು ಕೆಳಗಿಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಬಂದವರಿಗೆ ತೋರಿಸುತ್ತ ಪ್ಲಾಸ್ಟಿಕ್ ಬಕೆಟ್ಟಿನ ಕಾಲವನ್ನು ಮುಕ್ಕಾಲು ಗಂಟೆ ಬೈಯಬಲ್ಲವರಿಗೆ ಮಾತ್ರ ಇಲ್ಲಿ ಪ್ರವೇಶವುಂಟು. ತಿಕ್ಕುವವರು ಸಾಮಾನ್ಯವಾಗಿ ಅವರ ಹೆಂಡತಿಯಾಗಿರುತ್ತಾರೆ, ಮತ್ತು ಹಂಡೆಯ ಬಗ್ಗೆ ಅವರ ಅಭಿಪ್ರಾಯ ಬೇರೆಯೇ ಇರುತ್ತದೆ.

ಹಳತಿನ ಮೇಲಿನ ಇವರ ನಿಷ್ಠೆ ವಸ್ತುಗಳಿಗಷ್ಟೇ ನಿಲ್ಲದೆ ಸರ್ಕಾರ ಎಳೆಯುವ ಗಡಿಗಳವರೆಗೂ ಹೋಗುತ್ತದೆ. ೧೯೯೭ರಲ್ಲಿ ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿಸಿದಾಗ, ಆ ಊರಿನ ರೇಡಿಯೊ ಮೇಷ್ಟ್ರು ಆದೇಶವನ್ನು ಕಂಡೂ ಕಾಣದಂತಿದ್ದು, ಮುಂದಿನ ಇಪ್ಪತ್ತೊಂದು ವರ್ಷ ಕಾಗದದ ಮೇಲೆ ‘ಬಳ್ಳಾರಿ ಜಿಲ್ಲೆ’ ಎಂದೇ ಬರೆಯುತ್ತ ಬಂದರು. ೨೦೧೮ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿದಾಗ, ತಡವಾಗಿಯಾದರೂ ಸರ್ಕಾರಕ್ಕೆ ಬುದ್ಧಿ ಬಂತೆಂದು ಪರಿಚಯದವರಿಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದರು. ಅದು ಅರಗುವಷ್ಟರಲ್ಲಿ, ೨೦೨೧ರಲ್ಲಿ, ಹೊಸಪೇಟೆಯೂ ಸೇರಿದಂತೆ ಪಶ್ಚಿಮದ ಆರು ತಾಲ್ಲೂಕುಗಳನ್ನು ಒಟ್ಟುಮಾಡಿ ವಿಜಯನಗರ ಜಿಲ್ಲೆ ಮಾಡಲಾಯಿತು. ಐನೂರು ವರ್ಷಗಳ ಹಿಂದಿನ ಹೆಸರನ್ನು ಜಿಲ್ಲೆಗೆ ಇಟ್ಟರೆ ಹಳತಿನ ಪ್ರೇಮಿಗಳು ಸಂತೋಷಪಡಬೇಕಾಗಿತ್ತು. ಆದರೆ ಈ ವರ್ಗದವರ ಪ್ರೀತಿ ಇರುವುದು ತಾವು ಕಂಡ ಹಳತಿನ ಮೇಲೆ. ಅದಕ್ಕೂ ಹಿಂದಿನದು ಅವರ ಮಟ್ಟಿಗೆ ಇತಿಹಾಸ, ಅಂದರೆ ಪರೀಕ್ಷೆಗೆ ಓದಿ ಮರೆತ ವಿಷಯ.

ಇವರ ಮನೆಯ ಪಡಸಾಲೆಯನ್ನು ಪ್ರವೇಶಿಸಿದವರಿಗೆ ಮೊದಲು ಕಾಣುವುದು ಗೋಡೆಯ ಗೂಡಿನಲ್ಲೋ ಮೂಲೆಯ ಮೇಜಿನ ಮೇಲೋ ಕಸೂತಿ ಹಾಕಿದ ಬಟ್ಟೆಯನ್ನು ಹೊದ್ದುಕೊಂಡ ವಾಲ್ವ್ ರೇಡಿಯೊ. ವಾಲ್ವ್ ಎಂದರೆ ಒಳಗಿನ ಗಾಳಿಯನ್ನು ತೆಗೆದು ಮುಚ್ಚಿದ ಗಾಜಿನ ಕೊಳವೆ. ಅದರೊಳಗಿನ ತಂತಿ ಕಾದು ಕೆಂಪಾಗುವವರೆಗೆ ರೇಡಿಯೊ ತುಟಿಪಿಟಕ್ಕೆನ್ನುವುದಿಲ್ಲ. ಬಟ್ಟೆಯನ್ನು ಎರಡೂ ಕೈಯಿಂದ ಎತ್ತಿ, ಮಡಿಸಿ, ಪಕ್ಕಕ್ಕಿಟ್ಟು, ಬಲಗಡೆಯ ಗುಂಡಿಯನ್ನು ‘ಟಕ್’ ಎನಿಸಿದ ಮೇಲೆ ಉಂಟಾಗುವ ಆ ಅರ್ಧ ನಿಮಿಷದ ಮೌನವೇ ಈ ಪೂಜೆಯ ಮುಖ್ಯ ಭಾಗ. ಮೊದಲು ಕಾದ ಧೂಳಿನ ವಾಸನೆ ಬರುತ್ತದೆ. ಬಳಿಕ ಊರುಗಳ ಹೆಸರು ಅಚ್ಚಾದ ಗಾಜಿನ ಪಟ್ಟಿಯ ಹಿಂದೆ ಹಳದಿ ಬೆಳಕು ಮೂಡುತ್ತದೆ. ಆಮೇಲೆ ನಿಲಯ ಸರಿಯಾಗಿ ಸಿಕ್ಕಿತೋ ಇಲ್ಲವೋ ಎಂಬುದನ್ನು ತೋರಿಸುವ ಹಸಿರು ಕಣ್ಣು, ಮೇಷ್ಟ್ರು ಬೆರಳನ್ನು ಕೂದಲೆಳೆಯಷ್ಟು ತಿರುಗಿಸಿದಂತೆ ಅಗಲವಾಗಿ ಕಿರಿದಾಗಿ ನಿಲ್ಲುತ್ತದೆ. ಕೊನೆಗೆ ದೂರದ ಯಾವುದೋ ಭಾಷೆಯ ಮಾತೂ ಗೊರಗೊರವೂ ಬೆರೆತ ಸದ್ದೊಂದು ಹೊರಡುತ್ತದೆ. “ನೋಡ್ರಿ, ಹೆಂಗ ಐತಿ ದನಿ!” ಎಂದು ಮೇಷ್ಟ್ರು ಕಣ್ಣು ಮುಚ್ಚುತ್ತಾರೆ. ಬಂದವರು ತಲೆಯಾಡಿಸಬೇಕು. ಏನು ಹೇಳಿದರೆಂದು ಕೇಳುವುದು ಅಶಿಷ್ಟತೆ.

ಈ ವರ್ಗದ ಸಿದ್ಧಾಂತದ ಪ್ರಕಾರ ಜಗತ್ತಿನ ಶುದ್ಧಿಯೆಲ್ಲ ಆಕಾಶವಾಣಿಯ ಕಾಲದಲ್ಲಿತ್ತು. ಆಕಾಶವಾಣಿ ಎಂಬ ಹೆಸರು ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ಪ್ರಸಾರದ ಹೆಸರು. ಅದು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತೆಂಬುದನ್ನು ಇವರು ಬಂದವರಿಗೆಲ್ಲ ಹೇಳುತ್ತಾರೆ, ಮತ್ತು ಹೇಳುವುದು ಸರಿಯಾಗಿಯೇ ಇರುತ್ತದೆ. ಧಾರವಾಡ ನಿಲಯ ೧೯೫೦ರ ಜನವರಿ ೮ರಂದು ಆರಂಭವಾದುದನ್ನು ತಮ್ಮ ಮಕ್ಕಳ ಹುಟ್ಟಿದ ದಿನಕ್ಕಿಂತ ನಿಖರವಾಗಿ ಬಲ್ಲರು. ಆದರೆ ಶುದ್ಧಿಯ ವಿಷಯಕ್ಕೆ ಬಂದಾಗ ದಾಖಲೆಗಳು ಅವರಿಗೆ ಪೂರ್ತಿ ಸಹಕರಿಸುವುದಿಲ್ಲ. ಬೆಳಗ್ಗೆ ಪ್ರಸಾರ ಶುರುವಾಗುವ ಮುನ್ನ ಬರುತ್ತಿದ್ದ ಆ ಪರಿಚಯ ಸಂಗೀತವನ್ನು ಕೇಳಿದರೆ ನಮ್ಮ ನೆಲದ ಋಷಿಗಳೇ ನುಡಿಸಿದಂತಿದೆ ಎಂದು ಮೇಷ್ಟ್ರು ಹೇಳುವುದುಂಟು. ಅದನ್ನು ರಚಿಸಿದವರು ಹಿಟ್ಲರನ ಕಾಲದಲ್ಲಿ ಯುರೋಪನ್ನು ಬಿಟ್ಟು ಮುಂಬಯಿಗೆ ಬಂದು ಆಕಾಶವಾಣಿಯಲ್ಲಿ ಕೆಲಸಕ್ಕೆ ಸೇರಿದ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರರು. ಇದನ್ನು ತಿಳಿಸಿದರೆ ಮೇಷ್ಟ್ರು ಕ್ಷಣಕಾಲ ಸುಮ್ಮನಿದ್ದು, “ಋಷಿ ಎಲ್ಲಿಯವನಾದ್ರೇನು?” ಎನ್ನುತ್ತಾರೆ. ಇಂಥ ಉತ್ತರಗಳಿಂದಾಗಿಯೇ ಇವರೊಡನೆ ವಾದಿಸಿ ಗೆದ್ದವರಿಲ್ಲ.

ಇನ್ನೂ ತೊಡಕಿನ ಸಂಗತಿ ಪೇಟಿಯದು. ಪೇಟಿ ಎಂದರೆ ಹಾರ್ಮೋನಿಯಂ; ನಾಟಕ ಕಂಪನಿಗಳಲ್ಲಿ ಅದನ್ನು ನುಡಿಸುವವರಿಗೆ ಪೇಟಿ ಮಾಸ್ತರರೆಂದು ಹೆಸರು, ಮತ್ತು ಆಟದ ಅರ್ಧ ಜೀವ ಅವರ ಬೆರಳುಗಳಲ್ಲಿರುತ್ತದೆ. ಕೊಟ್ಟೂರೇಶ್ವರನ ಜಾತ್ರೆಗೆ ಡೇರೆ ಹಾಕುವ ಕಂಪನಿಗಳ ಪೇಟಿಯನ್ನೂ ಧಾರವಾಡದ ರೇಡಿಯೊವನ್ನೂ ಮೇಷ್ಟ್ರು ಒಂದೇ ಉಸಿರಿನಲ್ಲಿ ಹೊಗಳುತ್ತಾರೆ. ವಾಸ್ತವವಾಗಿ ೧೯೪೦ರಿಂದ ೧೯೭೧ರವರೆಗೆ ಆಕಾಶವಾಣಿಯೊಳಕ್ಕೆ ಹಾರ್ಮೋನಿಯಮ್ಮಿಗೆ ಪ್ರವೇಶವೇ ಇರಲಿಲ್ಲ. ನಮ್ಮ ಸಂಗೀತದ ಗಮಕಗಳಿಗೆ ಅದು ಒಗ್ಗದ ಪರದೇಶಿ ವಾದ್ಯವೆಂದು ಹೊರಗಿಡಲಾಗಿತ್ತು. ಇದೇ ರೀತಿ ೧೯೫೨ರಲ್ಲಿ ಪ್ರಸಾರ ಖಾತೆಯ ಸಚಿವರಾಗಿದ್ದ ಬಿ.ವಿ. ಕೇಸ್ಕರರು, ಸಿನಿಮಾ ಹಾಡುಗಳು ಜನರ ಅಭಿರುಚಿ ಕೆಡಿಸುತ್ತವೆಂದು ಅವುಗಳನ್ನು ಆಕಾಶವಾಣಿಯಿಂದ ದೂರವಿಟ್ಟರು. ಪರಿಣಾಮವಾಗಿ ದೇಶದ ತರುಣರೆಲ್ಲ ಬುಧವಾರ ರಾತ್ರಿ ಸಿಲೋನಿನತ್ತ ಮುಳ್ಳು ತಿರುಗಿಸಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಕೇಳತೊಡಗಿದರು. ಸರ್ಕಾರ ಎಚ್ಚೆತ್ತು ೧೯೫೭ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ಇಂದು ‘ಆಗಿನ ಹಾಡು’ಗಳೆಂದು ಕಣ್ಣು ಒದ್ದೆ ಮಾಡಿಕೊಳ್ಳುವ ಮೇಷ್ಟ್ರು, ಆಗ ಅದೇ ಹಾಡುಗಳನ್ನು ಅಪ್ಪನಿಗೆ ಕೇಳಿಸದಂತೆ ರೇಡಿಯೊಕ್ಕೆ ಕಿವಿಯಾನಿಸಿ ಕೇಳಿದವರೇ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ರೇಡಿಯೊ ಮೇಷ್ಟ್ರು ನೆನೆಯುವ ಕಾಲದಲ್ಲಿ ರೇಡಿಯೊ ಎಲ್ಲರ ಮನೆಯಲ್ಲಿರಲಿಲ್ಲ. ಅದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಚಿಕ್ಕ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಓಣಿಗೊಂದು, ಹೆಚ್ಚೆಂದರೆ ಎರಡು ರೇಡಿಯೊ. ಎರಡು ಹುಣಸೆಮರಗಳ ನಡುವೆಯೋ ಮಾಳಿಗೆಯ ಎರಡು ಗಳುಗಳ ನಡುವೆಯೋ ಬಿಗಿದ ಏರಿಯಲ್ ಎಂಬ ಜಾಳಿಗೆ ಪಟ್ಟಿ, ಅಂದರೆ ಗಾಳಿಯಲ್ಲಿರುವ ತರಂಗವನ್ನು ಹಿಡಿದು ರೇಡಿಯೊಕ್ಕೆ ಇಳಿಸುವ ತಂತಿ, ದಾರಿಹೋಕರಿಗೆ ಆ ಮನೆಯ ಅಂತಸ್ತನ್ನು ದೂರದಿಂದಲೇ ಸಾರುತ್ತಿತ್ತು. ಸಂಜೆಯಾದರೆ ಜಗುಲಿಯ ಮೇಲೆ ಹತ್ತಾರು ಮಂದಿ. ಕೃಷಿ ಕಾರ್ಯಕ್ರಮ ಬೇಕೆಂದವರೂ, ನಾಟಕ ಬೇಕೆಂದವರೂ, ಕ್ರಿಕೆಟ್ಟಿನ ವೀಕ್ಷಕ ವಿವರಣೆ ಬೇಕೆಂದವರೂ ಅಲ್ಲಿ ಇರುತ್ತಿದ್ದರು. ಆದರೆ ಯಾವುದು ಬರಬೇಕೆಂದು ನಿರ್ಧರಿಸುತ್ತಿದ್ದವರು ಗುಂಡಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತ ಒಬ್ಬರು. ಅವರು ಎದ್ದು ‘ಸಾಕು’ ಎಂದರೆ ಧಾರವಾಡವೇ ಸುಮ್ಮನಾಗುತ್ತಿತ್ತು. ಹಳತನ್ನು ಕುರಿತು ಈ ವರ್ಗದವರು ಮಾಡುವ ಪ್ರಲಾಪಗಳನ್ನೆಲ್ಲ ತೂಗಿ ನೋಡಿದರೆ ಅವರು ಕಳೆದುಕೊಂಡದ್ದು ರೇಡಿಯೊ ಅಲ್ಲ ಎಂಬ ಅನುಮಾನ ಬಲವಾಗುತ್ತದೆ. ರೇಡಿಯೊ ಅವರ ಮನೆಯಲ್ಲಿ ಇನ್ನೂ ಇದೆ. ಹೋದದ್ದು ಜಗುಲಿಯ ಮೇಲಿನ ಜನ, ಮತ್ತು ಆ ಜನರ ಕಿವಿಯ ಮೇಲಿದ್ದ ಹಿಡಿತ.

ಟಿವಿಯನ್ನು ಕುರಿತ ಇವರ ವಿಚಾರಗಳು ಈ ಬೆಳಕಿನಲ್ಲಿ ಸುಲಭವಾಗಿ ಅರ್ಥವಾಗುತ್ತವೆ. ಕರ್ನಾಟಕದಲ್ಲಿ ಟಿವಿ ಮೊದಲು ಕಂಡದ್ದು ರಾಜಧಾನಿಯಲ್ಲಲ್ಲ. ಅಮೆರಿಕದ ಎಟಿಎಸ್–೬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಶಿಕ್ಷಣ ಮತ್ತು ಕೃಷಿಯ ಕಾರ್ಯಕ್ರಮಗಳನ್ನು ತೋರಿಸಿದ ಸೈಟ್ ಎಂಬ ಪ್ರಯೋಗ ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ನಡೆಯಿತು. ನಮ್ಮ ರಾಜ್ಯದಲ್ಲಿ ಅದು ತಲುಪಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಕೋಳಿ ಸಾಕುವವರು ಬಳಸುವಂಥ ತಂತಿ ಬಲೆಯನ್ನು ಹತ್ತಡಿ ಅಗಲದ ಬುಟ್ಟಿಯಾಗಿ ಬಗ್ಗಿಸಿದ ಆಂಟೆನಾಗಳ ಕೆಳಗೆ, ಆಗಿನ ರಾಯಚೂರು ಜಿಲ್ಲೆಗೆ ಸೇರಿದ್ದ ತುಂಗಭದ್ರೆಯಾಚೆಯ ಸೀಮೆಯಲ್ಲಿ ಜನ ಟಿವಿ ನೋಡುತ್ತಿದ್ದಾಗ, ನದಿಯ ಈಚೆಗಿದ್ದ ಮೇಷ್ಟ್ರ ಊರಿಗೆ ಅದರ ಸುದ್ದಿ ಮಾತ್ರ ಬಂದಿತ್ತು. ‘ಆಚೆ ದಂಡೆಯವರಿಗೆ ಕೊಟ್ಟರು, ನಮಗೆ ಕೊಡಲಿಲ್ಲ’ ಎಂಬ ಕೊರಗೇ ಟಿವಿಯ ಮೇಲಿನ ಇವರ ತಾತ್ವಿಕ ವಿರೋಧದ ಬೀಜವೆಂದು ಹೇಳುವವರಿದ್ದಾರೆ. ಬೆಂಗಳೂರು ದೂರದರ್ಶನ ಕೇಂದ್ರ ೧೯೮೧ರ ನವೆಂಬರ್ ೧ರಂದು ಆರಂಭವಾಯಿತಾದರೂ ಈ ಸೀಮೆಯ ಮನೆಗಳಿಗೆ ಟಿವಿ ಬಂದು ಕೂರಲು ಮತ್ತೆ ಕೆಲವು ವರ್ಷ ಬೇಕಾದವು.

ಬಂದ ಮೇಲೆ ಅದು ಕಂಡದ್ದು ಕಡಿಮೆ, ಕಾಣಿಸಿಕೊಳ್ಳಲು ಪಡೆದ ಸೇವೆ ಹೆಚ್ಚು. ಮಾಳಿಗೆಯ ಮೇಲೆ ಒಬ್ಬ ಹುಡುಗ ಆಂಟೆನಾದ ಕಂಬವನ್ನು ತಬ್ಬಿ ನಿಂತಿರುತ್ತಿದ್ದ, ಅಂಗಳದಲ್ಲಿ ಇನ್ನೊಬ್ಬ, ಒಳಗೆ ಟಿವಿಯ ಮುಂದೆ ಮನೆಯ ಯಜಮಾನರು. “ಬಂತೇನಪ್ಪಾ?” “ಇಲ್ಲ… ಸ್ವಲ್ಪ ಎಡಕ್ಕ ತಿರುಗ್ಸು… ಬಂತು, ಬಂತು… ಹೋತು!” “ನಿಮ್ಮ ಎಡಕ್ಕೋ, ನನ್ನ ಎಡಕ್ಕೋ?” ಎಂಬ ಸಂವಾದ ಭಾನುವಾರದ ಬೆಳಗಿನಲ್ಲಿ ಊರಿನ ಎಲ್ಲ ಟಿವಿ ಮನೆಗಳಿಂದಲೂ ಕೇಳಿಬರುತ್ತಿತ್ತು. ೧೯೮೭ರ ಜನವರಿ ೨೫ರಂದು ರಮಾನಂದ ಸಾಗರರ ರಾಮಾಯಣ ಆರಂಭವಾದ ಮೇಲಂತೂ ಟಿವಿಗೆ ಹೂವಿನ ಹಾರ ಬಿತ್ತು, ಊದುಬತ್ತಿ ಹಚ್ಚಲಾಯಿತು, ಹೊಸ್ತಿಲ ಹೊರಗೆ ಚಪ್ಪಲಿಯ ರಾಶಿ ಬೆಳೆಯಿತು. ಆ ರಾಶಿಯಲ್ಲಿ ಮೇಷ್ಟ್ರ ಜಗುಲಿಗೆ ಬರುತ್ತಿದ್ದವರ ಚಪ್ಪಲಿಗಳೂ ಇದ್ದವು. ಅಂದು ಮೇಷ್ಟ್ರು ಕಟ್ಟೆಯ ಮೇಲೆ ಕೂತು ಹೇಳಿದ ಮಾತುಗಳು ಊರಿನವರಿಗೆ ಇಂದಿಗೂ ನೆನಪಿವೆ: ರಾಮಾಯಣವನ್ನು ಕಿವಿಯಿಂದ ಕೇಳಬೇಕು, ಕಣ್ಣಿನಿಂದ ನೋಡಬಾರದು; ರಾಮನ ಮುಖ ಹೀಗೇ ಇತ್ತೆಂದು ಒಬ್ಬ ನಟ ತೋರಿಸಿಬಿಟ್ಟರೆ ಮನಸ್ಸಿನೊಳಗಿನ ರಾಮ ಎಲ್ಲಿ ಹೋಗಬೇಕು; ಈ ಪೆಟ್ಟಿಗೆ ಜನರನ್ನು ಸೋಮಾರಿ ಮಾಡುತ್ತದೆ. ಮಾತು ತೂಕದ್ದಾಗಿತ್ತು, ಆದರೆ ಕೇಳಲು ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಊರಿನವರಿಗೆ ಅದು ನೆನಪಿರುವುದು ಮುಂದೆ ಮೇಷ್ಟ್ರೇ ಅದನ್ನು ಹಲವು ಸಲ ಹೇಳಿದ್ದರಿಂದ.

ಇದೇ ಮೇಷ್ಟ್ರು, ೨೦೨೦ರ ಮಾರ್ಚ್ ೨೮ರಿಂದ ಕೊರೊನಾದ ಮನೆವಾಸದಲ್ಲಿ ದೂರದರ್ಶನ ಅದೇ ರಾಮಾಯಣವನ್ನು ಮತ್ತೆ ತೋರಿಸತೊಡಗಿದಾಗ, ಮೊಮ್ಮಕ್ಕಳನ್ನು ಸಾಲಾಗಿ ಕೂರಿಸಿ, ಫೋನುಗಳನ್ನು ಕಿತ್ತಿಟ್ಟು, “ಇದು ನಮ್ ಕಾಲದ್ದು, ಕಣ್ತುಂಬ ನೋಡ್ರಿ” ಎಂದರು. ಮೂವತ್ತಮೂರು ವರ್ಷಗಳ ಹಿಂದೆ ಊರನ್ನು ಹಾಳುಮಾಡಿದ್ದ ವಸ್ತು, ಮೇಷ್ಟ್ರ ಜಗುಲಿಗೆ ಪೈಪೋಟಿ ಕೊಡುವುದನ್ನು ನಿಲ್ಲಿಸಿದ್ದೇ ತಡ, ಪರಂಪರೆಯ ಪಾಲಾಗಿತ್ತು. ಸೋತ ಶತ್ರುವಿಗೆ ಈ ವರ್ಗದವರು ತೋರುವ ಔದಾರ್ಯ ದೊಡ್ಡದು. ೧೯೯೪ರಲ್ಲಿ ಉದಯ ಟಿವಿ ಬಂದಾಗ ದೂರದರ್ಶನ ಚಿನ್ನವಾಯಿತು; ಸುದ್ದಿ ವಾಹಿನಿಗಳು ಬಂದು ಒಂದೇ ಪರದೆಯಲ್ಲಿ ಆರು ಜನ ಏಕಕಾಲಕ್ಕೆ ಕೂಗಲಾರಂಭಿಸಿದಾಗ ಮೊದಲ ಕೇಬಲ್ ಕಾಲದ ಧಾರಾವಾಹಿಗಳೂ ಚಿನ್ನವಾದವು. ಇಂದಿನ ವಾಹಿನಿಗಳನ್ನೆಲ್ಲ ಬೈದು ಮುಗಿಸಿದ ಮೇಲೂ ಒಂದು ಕಾರ್ಯಕ್ರಮಕ್ಕೆ ಮಾತ್ರ ವಿನಾಯಿತಿ ಉಂಟು: ಚಂದನ ವಾಹಿನಿಯಲ್ಲಿ ೨೦೦೨ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುತ್ತಿರುವ ‘ಥಟ್ ಅಂತ ಹೇಳಿ’ ರಸಪ್ರಶ್ನೆ. ಅದನ್ನು ನೋಡುವಾಗ ಸಿಕ್ಕಿಬಿದ್ದರೆ ಮೇಷ್ಟ್ರ ಸಮರ್ಥನೆ ಸಿದ್ಧವಿದೆ: “ಅದು ಟಿವಿ ಅಲ್ರಿ, ರೇಡಿಯೊ. ಜತಿಗೆ ಚಿತ್ರ ಬರ್ತದ ಅಷ್ಟ.”

ಹಳತಿನ ಪ್ರೇಮಿ ತನ್ನ ಕಾಲದಲ್ಲಿ ಹಳೆಯದನ್ನು ಹೇಗೆ ನಡೆಸಿಕೊಂಡನೆಂಬುದನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಸುಖಕರವಾಗಿರುವುದಿಲ್ಲ. ಈ ಸೀಮೆಯಲ್ಲಿ ಬಯಲಾಟವಾಡುವವರು ನಾಟಕ ಕಂಪನಿಗಳನ್ನು ಬೈದರು. ಪರದೆ, ಸೀನು, ಟಿಕೆಟ್ಟುಗಳಿಂದ ಆಟ ಕೆಟ್ಟಿತೆಂದರು. ಕಂಪನಿಯವರು ಟೂರಿಂಗ್ ಟಾಕೀಸುಗಳನ್ನು, ಅಂದರೆ ಜಾತ್ರೆಯಿಂದ ಜಾತ್ರೆಗೆ ಸಾಗುವ ಡೇರೆ ಸಿನಿಮಾಗಳನ್ನು ಬೈದರು. ಅಂದಿನ ಹುಡುಗರಾದ ಮೇಷ್ಟ್ರು ಆ ಟಾಕೀಸಿನಲ್ಲಿ ನೆಲದ ಟಿಕೆಟ್ಟಿಗೆ ಮರಳು ಗುಡ್ಡೆಹಾಕಿ ಕೂತಿದ್ದರೇ ಹೊರತು ಬಯಲಾಟದ ಕಟ್ಟೆಯ ಮುಂದಲ್ಲ. ಬಳ್ಳಾರಿ ಜಿಲ್ಲೆಯ ದರೋಜಿಯ ಈರಮ್ಮ ಎಂಬ ಅನಕ್ಷರಸ್ಥ ಬುರ್ರಕಥೆ ಗಾಯಕಿ ಸಾವಿರಾರು ಸಾಲುಗಳ ಕಾವ್ಯಗಳನ್ನು ಬಾಯಲ್ಲಿ ಇಟ್ಟುಕೊಂಡಿದ್ದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವುಗಳನ್ನು ಬರೆಯಿಸಿ ಅಚ್ಚು ಹಾಕಿಸಿತು. ೨೦೧೪ರಲ್ಲಿ ಅವರು ತೀರಿಕೊಂಡರು. ಬುರ್ರಕಥೆ ಎಂದರೆ ತಂಬೂರಿ ಮೀಟುತ್ತ, ಕೈಯ ಬಳೆಯನ್ನು ತಾಳಕ್ಕೆ ಹೊಡೆಯುತ್ತ, ಜೊತೆಗಾರರು ಬುಡಗಿ ಬಾರಿಸಿ ಸೊಲ್ಲು ಕೊಡುತ್ತ ಹಾಡುವ ಕಥನ. ಆ ಪರಂಪರೆಯ ಅಲೆಮಾರಿ ಗಾಯಕರು ಸುಗ್ಗಿಯಲ್ಲಿ ಮನೆಬಾಗಿಲಿಗೆ ಬಂದು ಹಾಡುತ್ತಿದ್ದಾಗ, ಒಳಗಿನಿಂದ “ಮುಂದಕ್ಕ ಹೋಗ್ರಿ, ವಾರ್ತಾ ಬರಾಕ್ಹತ್ಯದ” ಎಂದು ಕೂಗುತ್ತಿದ್ದ ಮನೆಗಳಲ್ಲಿ ಮೊದಲನೆಯದು ರೇಡಿಯೊ ಇದ್ದ ಮನೆ. ಈಗ ಅದೇ ಮನೆಯಿಂದ ಈರಮ್ಮನವರ ಹಾಡಿನ ತುಣುಕು, ‘ನಮ್ಮ ಸಂಸ್ಕೃತಿ ನಶಿಸುತ್ತಿದೆ’ ಎಂಬ ಒಕ್ಕಣೆಯೊಡನೆ, ಮುಂಜಾನೆ ಐದೂವರೆಗೆ ನೂರಾರು ಫೋನುಗಳಿಗೆ ಹೋಗುತ್ತದೆ.

ಫೋನಿನ ಮಾತು ಬಂದದ್ದರಿಂದ ರೇಡಿಯೊ ಮೇಷ್ಟ್ರ ಬಾಳಿನ ಅತಿ ಗುಪ್ತವಾದ ಸಂಗತಿಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಹೊಸಪೇಟೆ ಆಕಾಶವಾಣಿ ಪ್ರಸಾರವಾಗುವುದು ಎಫ್‌ಎಂ ತರಂಗದಲ್ಲಿ. ಮೇಷ್ಟ್ರ ವಾಲ್ವ್ ರೇಡಿಯೊ ತಯಾರಾದ ಕಾಲಕ್ಕೆ ಇಲ್ಲಿ ಎಫ್‌ಎಂ ಇರಲಿಲ್ಲವಾದ್ದರಿಂದ ಅದಕ್ಕೆ ಪಕ್ಕದೂರಿನ ನಿಲಯವೇ ಸಿಗುವುದಿಲ್ಲ. ಆಕಾಶವಾಣಿಯವರೇ ತಮ್ಮ ನಿಲಯಗಳನ್ನೆಲ್ಲ ಒಂದು ಆ್ಯಪಿನಲ್ಲಿ, ಅಂದರೆ ಫೋನಿನೊಳಗೆ ಇಳಿಸಿಕೊಳ್ಳುವ ಕಿರುತಂತ್ರಾಂಶದಲ್ಲಿ, ಒದಗಿಸಿದ್ದಾರೆ. ಆದ್ದರಿಂದ ಪಡಸಾಲೆಯಲ್ಲಿ ಹಸಿರು ಕಣ್ಣು ಬಿಟ್ಟುಕೊಂಡು ಕೂತಿರುವುದು ವಾಲ್ವ್ ರೇಡಿಯೊ. ಮಾತಾಡುವುದು ಅದರ ಬೆನ್ನಿಗೆ ಒರಗಿಸಿಟ್ಟ ಫೋನು. ಬಲದೇವಾನಂದ ಸಾಗರರ ಸಂಸ್ಕೃತ ವಾರ್ತೆಯ ಗಾಂಭೀರ್ಯವನ್ನು ಇಂದಿನ ವಾರ್ತೆಯವರು ಕಲಿಯಬೇಕೆಂದು ಮೇಷ್ಟ್ರು ಅತಿಥಿಗಳಿಗೆ ವಿವರಿಸುತ್ತಿರುವಾಗ, ರೇಡಿಯೊ ಇದ್ದಕ್ಕಿದ್ದಂತೆ ಸಿನಿಮಾ ಹಾಡೊಂದನ್ನು ಜೋರಾಗಿ ಹಾಡಿ, ಗಡಗಡ ನಡುಗಿ, ಮೊಮ್ಮಗಳು ಓಡಿಬಂದು ಅದರ ಹಿಂದೆ ಕೈಹಾಕಿ “ತಾತ, ಬೆಂಗಳೂರಿಂದ ದೊಡ್ಡಪ್ಪ” ಎಂದು ಫೋನನ್ನು ಹೊರಗೆಳೆದ ಪ್ರಸಂಗಗಳು ಈ ವರ್ಗದ ಹಲವು ಮನೆಗಳಲ್ಲಿ ನಡೆದಿವೆ. ಅತಿಥಿಗಳು ಇಂಥ ಹೊತ್ತಿನಲ್ಲಿ ಮಿರ್ಚಿ ಕಟ್ಟಿಕೊಂಡು ಬಂದ ಹಳೆಯ ಪತ್ರಿಕೆಯ ತುಂಡನ್ನು ಗಮನವಿಟ್ಟು ಓದುವುದು ರೂಢಿ.

ಬ್ಲಾಗಿನ ಅಧ್ಯಾಯ ಚಿಕ್ಕದು. ಬ್ಲಾಗ್ ಎಂದರೆ ಯಾರ ಅಪ್ಪಣೆಯೂ ಬೇಡದೆ, ಸಂಪಾದಕರ ವಿಷಾದಪತ್ರದ ಹೆದರಿಕೆಯೂ ಇಲ್ಲದೆ ತನ್ನ ಬರಹವನ್ನು ತಾನೇ ಅಂತರ್ಜಾಲದಲ್ಲಿ ಪ್ರಕಟಿಸಿಕೊಳ್ಳುವ ಏರ್ಪಾಡು. ಬರಹ, ನುಡಿ ತಂತ್ರಾಂಶಗಳಿಂದ ಕಂಪ್ಯೂಟರಿನಲ್ಲಿ ಕನ್ನಡ ಕಲಿತಿದ್ದವರಿಗೆ ಯೂನಿಕೋಡ್ ಎಂಬ ಸಮಾನ ಸಂಕೇತ ವ್ಯವಸ್ಥೆ ಕೈಗೆ ಸಿಕ್ಕ ಮೇಲೆ, ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದ ಉತ್ತರಾರ್ಧದಲ್ಲಿ ಕನ್ನಡ ಬ್ಲಾಗುಗಳ ಮಳೆಗಾಲ ಬಂತು. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿದ್ದ ಅಳಿಯಂದಿರು ಊರಿಗೆ ಬಂದಾಗ ಮಾವನವರಿಗೆ ಒಂದು ಬ್ಲಾಗು ಮಾಡಿಕೊಟ್ಟು ಹೋದರು. ಮೇಷ್ಟ್ರು ಅದರಲ್ಲಿ ರೇಡಿಯೊದ ಬಗ್ಗೆ, ಎಚ್‌ಎಂಟಿ ಗಡಿಯಾರಕ್ಕೆ ದಿನಾ ಬೆಳಗ್ಗೆ ಕೀಲಿ ಕೊಡುವ ಶಿಸ್ತಿನ ಬಗ್ಗೆ, ಬ್ಯಾಟರಿ ಸೆಲ್ಲುಗಳನ್ನು ಮಾಳಿಗೆಯ ಬಿಸಿಲಿಗಿಟ್ಟು ಮತ್ತೆರಡು ದಿನ ಎಳೆಯುತ್ತಿದ್ದ ಮಿತವ್ಯಯದ ಬಗ್ಗೆ ಬರೆದರು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬರೆದರು. ಪ್ರತಿ ಬರಹದ ಕೆಳಗೂ ಅಳಿಯನದೊಂದು ‘ಸೂಪರ್ ಮಾವ’ ಇರುತ್ತಿತ್ತು. ಓದುಗರು ಕಣ್ಣಿಗೆ ಕಾಣದ, ತಲೆಯಾಡಿಸದ ಈ ಜಗುಲಿ ಮೇಷ್ಟ್ರಿಗೆ ಬೇಗ ಬೇಸರವಾಯಿತು. ಕೊನೆಗೆ ಗುಪ್ತಪದ ಮರೆತುಹೋಯಿತು. ಈಗ ಬ್ಲಾಗುಗಳ ಕಾಲವೂ ಮುಗಿದಿರುವುದರಿಂದ ಅದಕ್ಕೂ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದೆ. “ಆಗ ಬ್ಲಾಗ್ ಇತ್ತು ನೋಡ್ರಿ, ಜನ ಉದ್ದಾಗಿ ಬರಿತಿದ್ರು, ಉದ್ದಾಗಿ ಓದ್ತಿದ್ರು” ಎಂದು ಮೇಷ್ಟ್ರು ಈಚೆಗೆ ಹೇಳತೊಡಗಿದ್ದಾರೆ.

ಸಾಮಾಜಿಕ ಜಾಲತಾಣಗಳನ್ನು ಕುರಿತ ಇವರ ವಾದಕ್ಕೆ ಆಧಾರ ಸಿಗುವುದು ಮೈಲಾರದ ಕಾರಣಿಕದಲ್ಲಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಲಕ್ಷಾಂತರ ಜನರತ್ತ ‘ಸದ್ದಲೇ’ ಎಂದು ಕೂಗಿ, ಇಡೀ ಬಯಲು ಉಸಿರು ಬಿಗಿಹಿಡಿದಾಗ ಒಂದೇ ಒಂದು ಒಗಟಿನಂಥ ಸಾಲನ್ನು ನುಡಿದು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ. ವರ್ಷದ ಮಳೆ, ಬೆಳೆ, ರಾಜಕೀಯಗಳ ಭವಿಷ್ಯ ಅದರಲ್ಲಿ ಅಡಗಿದೆಯೆಂದು ಜನ ನಂಬುತ್ತಾರೆ. ಮೇಷ್ಟ್ರ ಪ್ರಕಾರ ಜಗತ್ತಿನ ಅತ್ಯುತ್ತಮ ಸಂದೇಶ ಇದೇ: ವರ್ಷಕ್ಕೊಂದು, ನಾಲ್ಕಾರು ಪದ, ಅದೂ ಎಲ್ಲರೂ ಬಾಯಿ ಮುಚ್ಚಿದ ಮೇಲೆ. ಹಿಂದೆ ಆ ಸಾಲು ಬಂಡಿಗಳ ಮೇಲೆ ಊರೂರಿಗೆ ಹೋಗುತ್ತಿತ್ತು. ಕೂಡ್ಲಿಗಿಗೆ ಬರುವಷ್ಟರಲ್ಲಿ ಒಂದು ಪದ ಬದಲಾಗಿ, ಹೊಸಹಳ್ಳಿ ಮುಟ್ಟುವಷ್ಟರಲ್ಲಿ ಅರ್ಥವೇ ತಿರುಗಿ, ಒಂದೊಂದು ಊರಿಗೆ ಅದರದರ ಭವಿಷ್ಯ ದೊರೆಯುತ್ತಿತ್ತು. ಇದನ್ನು ಮೇಷ್ಟ್ರು ‘ವ್ಯಾಖ್ಯಾನ ಪರಂಪರೆ’ ಎನ್ನುತ್ತಾರೆ. ಫೋನಿನಲ್ಲಿ ಇದೇ ನಡೆದರೆ ಅದಕ್ಕೆ ‘ಸುಳ್ಳು ಸುದ್ದಿ’ ಎನ್ನುತ್ತಾರೆ. ಈಗ ಗೊರವಯ್ಯ ನೆಲ ಮುಟ್ಟುವ ಮೊದಲೇ ವಿಡಿಯೊ ಹೊರಟಿರುತ್ತದೆ, ಮತ್ತು ಅದನ್ನು ಮೊದಲು ಹಂಚಿದವರಾರೆಂದು ಹುಡುಕಿಕೊಂಡು ಹೋದರೆ ಬಹಳ ಸಲ ಸಿಗುವುದು ಮೇಷ್ಟ್ರ ನಂಬರು.

ಏಕೆಂದರೆ ವಾಟ್ಸ್‌ಆ್ಯಪ್ ಎಂಬುದು ಅವರಿಗೆ ಹಳೆಯ ಜಗುಲಿಯನ್ನು ಮರಳಿ ಕಟ್ಟಿಕೊಟ್ಟಿದೆ. ೨೦೧೬ರ ನಂತರ ಡೇಟಾ ಅಗ್ಗವಾಗಿ, ದುಬೈಗೂ ಬೆಂಗಳೂರಿಗೂ ಚದುರಿಹೋಗಿದ್ದ ಊರಿನವರೆಲ್ಲ ಒಂದು ಗುಂಪಿನಲ್ಲಿ ಸಿಕ್ಕುವಂತಾದಾಗ, ಜಾಲತಾಣಗಳು ಯುವಜನಾಂಗವನ್ನು ನುಂಗುತ್ತಿವೆಯೆಂದು ಅದುವರೆಗೆ ಭಾಷಣ ಮಾಡುತ್ತಿದ್ದ ಮೇಷ್ಟ್ರು, ‘ಹಳೆಯ ನೆನಪುಗಳು’ ಎಂಬಂಥ ಹೆಸರಿನಲ್ಲಿ ಗುಂಪು ತೆರೆದು ಅದರ ಅಡ್ಮಿನ್ ಆದರು. ಅಡ್ಮಿನ್ ಎಂದರೆ ಗುಂಪಿಗೆ ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕೆಂದು ತೀರ್ಮಾನಿಸುವ ವ್ಯವಸ್ಥಾಪಕ. ಬೆಳಗ್ಗೆ ಐದೂವರೆಗೆ ಹಳೆಯ ಪರಿಚಯ ಸಂಗೀತದ ಧ್ವನಿಮುದ್ರಿಕೆ, ಆರಕ್ಕೆ ಸುಭಾಷಿತ, ಏಳಕ್ಕೆ ‘ಫೋನ್ ಬಿಡಿ, ಬದುಕು ನೋಡಿ’ ಎಂಬ ಫಾರ್ವರ್ಡ್, ಅಂದರೆ ಯಾರೋ ಬರೆದದ್ದನ್ನು ಓದದೆ ಮುಂದಕ್ಕೆ ಕಳಿಸುವ ಸಂದೇಶ, ಮಧ್ಯಾಹ್ನ ಒಂದು ಹಳೆಯ ಹಾಡು, ಸಂಜೆ ಅದೇ ಹಾಡು, ಇನ್ನೊಬ್ಬರು ಕಳಿಸಿದ್ದು. ದಿನದ ಪ್ರಸಾರ ವೇಳಾಪಟ್ಟಿಯನ್ನು ಧಾರವಾಡವೂ ಇಷ್ಟು ಶ್ರದ್ಧೆಯಿಂದ ಪಾಲಿಸಿರಲಾರದು.

ಕಷ್ಟ ಶುರುವಾದದ್ದು ಕೇಳುಗರು ಮರುಮಾತಾಡಲು ಆರಂಭಿಸಿದಾಗ. ಜಗುಲಿಯ ಮೇಲಿನ ರೇಡಿಯೊಕ್ಕೆ ಯಾರೂ ಎದುರು ಹೇಳುತ್ತಿರಲಿಲ್ಲ. ಇಲ್ಲಿ ಸುಭಾಷಿತದ ಕೆಳಗೆ ಒಬ್ಬನು ಶೇಂಗಾದ ಧಾರಣೆ ಕೇಳುತ್ತಾನೆ, ಹಾಡಿನ ಕೆಳಗೆ ಇನ್ನೊಬ್ಬನು ಯಾರದೋ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕುತ್ತಾನೆ, ನಲವತ್ತೆಂಟು ಮಂದಿ ಅದಕ್ಕೆ ಕೈಮುಗಿಯುತ್ತಾರೆ, ಮತ್ತು ಬೆಂಗಳೂರಿನ ಅಳಿಯ, ಬಹಿರಂಗವಾಗಿಯೇ, ‘ಮಾವ, ಇದು ಸುಳ್ಳು, ಪರಿಶೀಲಿಸಿ ಕಳಿಸಿ’ ಎನ್ನುತ್ತಾನೆ. ಮೇಷ್ಟ್ರು ಮೊದಲು ವಿನಂತಿಸಿದರು, ಆಮೇಲೆ ನಿಯಮಾವಳಿ ಹಾಕಿದರು, ಆಮೇಲೆ ಶೇಂಗಾದವನನ್ನು ತೆಗೆದರು, ಅವನ ಅಣ್ಣ ಮನೆಗೆ ಬಂದು ಜಗಳವಾಡಿದ್ದರಿಂದ ಮತ್ತೆ ಸೇರಿಸಿದರು. ಕೊನೆಗೆ ಮೊಮ್ಮಗಳನ್ನು ಕೂರಿಸಿಕೊಂಡು, ಸಂದೇಶ ಕಳಿಸುವ ಅಧಿಕಾರ ಅಡ್ಮಿನ್‌ಗೆ ಮಾತ್ರ ಇರುವಂತೆ ಮಾಡುವ ಗುಂಡಿ ಎಲ್ಲಿದೆಯೆಂದು ತಿಳಿದುಕೊಂಡು, ಅದನ್ನು ಒತ್ತಿಸಿದರು. ಅಂದಿನಿಂದ ಗುಂಪಿನಲ್ಲಿ ಪೂರ್ಣ ಶಾಂತಿ ನೆಲೆಸಿದೆ. ಜನ ಈಗ ಎಷ್ಟು ಶಿಸ್ತಿನಿಂದ ಕೇಳುತ್ತಿದ್ದಾರೆಂದು ಮೇಷ್ಟ್ರು ಕಂಡಕಂಡವರಲ್ಲಿ ಹೇಳಿಕೊಳ್ಳುತ್ತಾರೆ. ಅದೇ ವಾರ ಶೇಂಗಾದವನು ತೆರೆದ ಎರಡನೆಯ ಗುಂಪಿನಲ್ಲಿ ಇಡೀ ಊರು ಇದೆ, ಅಳಿಯನಿದ್ದಾನೆ, ಮೊಮ್ಮಗಳೂ ಇದ್ದಾಳೆ; ಅದರಲ್ಲಿ ಬಂದ ಮೊದಲ ಸಂದೇಶ “ಮೇಷ್ಟ್ರಿಗೆ ಯಾರೂ ಹೇಳಬ್ಯಾಡ್ರಪ್ಪ” ಎಂಬುದು, ಮತ್ತು ಅದನ್ನು ಕಳಿಸಿದವರು ಹಂಡೆ ತಿಕ್ಕುವ ಅಮ್ಮನವರು.